ಮರಳಿ ಬಂದ ಕಾರ್ಟೂನ್ ಪಾತ್ರಗಳು: ಸಣ್ಣ ತಯಾರಕರಿಗೆ ಪರವಾನಗಿಯ ಲೆಕ್ಕ

ದೂರದರ್ಶನದ ಒಂದೇ ವಾಹಿನಿಯ ಮುಂದೆ ಭಾನುವಾರದ ಬೆಳಗನ್ನು ಕಳೆದ ಮಕ್ಕಳು ಇಂದು ಮಧ್ಯವಯಸ್ಸಿನ ತಂದೆ ತಾಯಿಯರಾಗಿದ್ದಾರೆ. ಅವರು ಅಂದು ನೋಡಿದ, ಓದಿದ ಕಾರ್ಟೂನ್ ಪಾತ್ರಗಳು ಒಂದೊಂದಾಗಿ ಹೊಸ ರೂಪದಲ್ಲಿ ಮರಳಿ ಬರುತ್ತಿವೆ. 1987ರಲ್ಲಿ ಆರಂಭವಾದ ಡಿಸ್ನಿಯ ‘ಡಕ್ ಟೇಲ್ಸ್’ 2017ರಲ್ಲಿ ಹೊಸ ಚಿತ್ರಗಳೊಂದಿಗೆ ಪುನಃ ತಯಾರಾಯಿತು. 1983ರ ‘ಹೀ-ಮ್ಯಾನ್’ ಧಾರಾವಾಹಿಯ ಕಥೆ 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಮುಂದುವರಿಯಿತು. ಭಾರತದಲ್ಲಿಯೂ ಇದೇ ಪ್ರವೃತ್ತಿ ಕಾಣುತ್ತದೆ. ಹಿಂದಿಯ ‘ಲೋಟ್‌ಪೋಟ್’ ಮಕ್ಕಳ ಪತ್ರಿಕೆಯ ಮೋಟು-ಪತಲು ಜೋಡಿ 2012ರಲ್ಲಿ ಅನಿಮೇಷನ್ ಧಾರಾವಾಹಿಯಾಗಿ ಮನೆಮಾತಾಯಿತು. ವ್ಯಂಗ್ಯಚಿತ್ರಕಾರ ಪ್ರಾಣ್ ಅವರು 1971ರಲ್ಲಿ ಸೃಷ್ಟಿಸಿದ ಚಾಚಾ ಚೌಧರಿ 2019ರಲ್ಲಿ ಅನಿಮೇಷನ್ ರೂಪ ಪಡೆದನು.

ಈ ಬೆಳವಣಿಗೆ ಕೇವಲ ಮನರಂಜನೆಗೆ ಸೀಮಿತವಾದುದಲ್ಲ. ಪ್ರತಿ ವರ್ಷ ಶಾಲೆಗಳು ಆರಂಭವಾಗುವ ಮೊದಲು ಬೇಗೂರು ಮುಖ್ಯರಸ್ತೆಯ ಅಂಗಡಿಗಳಿಂದ ಹಿಡಿದು ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸಗಟು ಮಳಿಗೆಗಳವರೆಗೆ ಶಾಲಾ ಚೀಲ, ನೀರಿನ ಬಾಟಲಿ, ಊಟದ ಡಬ್ಬಿ, ಟೀ ಷರ್ಟುಗಳ ಮೇಲೆ ಈ ಪಾತ್ರಗಳೇ ಕಾಣಿಸುತ್ತವೆ. ಬೇಗೂರು, ಹೊಂಗಸಂದ್ರ, ಬೊಮ್ಮನಹಳ್ಳಿ ಭಾಗದ ಉಡುಪು ತಯಾರಿಕೆ, ಬಟ್ಟೆ ಮುದ್ರಣ ಮತ್ತು ಪ್ಲಾಸ್ಟಿಕ್ ಘಟಕಗಳಿಗೆ ಇದು ಹೊಸ ಬೇಡಿಕೆಯೂ ಹೌದು, ಹೊಸ ಅಪಾಯವೂ ಹೌದು. ಅನುಮತಿ ಇಲ್ಲದೆ ಚಿತ್ರ ಮುದ್ರಿಸಿದವನು ಕಾನೂನಿನ ತೊಡಕಿಗೆ ಸಿಲುಕಬಹುದು. ಲೆಕ್ಕ ಹಾಕದೆ ಅನುಮತಿ ಪಡೆದವನು ನಷ್ಟಕ್ಕೆ ಸಿಲುಕಬಹುದು. ಎರಡನ್ನೂ ತಪ್ಪಿಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಲಾಭ ಯಾರಿಗೆ ಸೇರುತ್ತದೆ?

ಹೊಸ ಪಾತ್ರವೊಂದನ್ನು ಜನರಿಗೆ ಪರಿಚಯಿಸಲು ಅಪಾರ ಪ್ರಚಾರವೆಚ್ಚ ತಗಲುತ್ತದೆ. ಹಳೆಯ ಪಾತ್ರಕ್ಕೆ ಆ ವೆಚ್ಚದ ಬಹುಪಾಲು ಬೇಕಿಲ್ಲ. ಹಣ ಕೊಡುವ ತಂದೆ ತಾಯಿಗೆ ಅದರ ಪರಿಚಯ ಮೊದಲೇ ಇದೆ. ಧಾರಾವಾಹಿಯ ಪ್ರಸಾರದಿಂದ ಬರುವ ಹಣ ಈ ಉದ್ಯಮದ ಆದಾಯದ ಒಂದು ಭಾಗ ಮಾತ್ರ. ಪಾತ್ರದ ಚಿತ್ರವನ್ನು ಸರಕುಗಳ ಮೇಲೆ ಬಳಸಲು ನೀಡುವ ಪರವಾನಗಿಯ ರಾಯಧನ, ಅಂದರೆ ರಾಯಲ್ಟಿ, ಇನ್ನೊಂದು ದೊಡ್ಡ ಭಾಗ. ‘ಹೀ-ಮ್ಯಾನ್’ ವಿಷಯದಲ್ಲಂತೂ ಮ್ಯಾಟೆಲ್ ಸಂಸ್ಥೆಯ ಆಟಿಕೆ ಮೊದಲು ಮಾರುಕಟ್ಟೆಗೆ ಬಂದು, ಧಾರಾವಾಹಿ ಅದರ ಹಿಂದೆ ಬಂದಿತು.

ಈ ಪುನರಾಗಮನದ ಕೆಲಸದಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. 1958ರಲ್ಲಿ ಅಮೆರಿಕದ ಒಂದು ಧ್ವನಿಮುದ್ರಿಕೆಯಿಂದ ಪ್ರಸಿದ್ಧವಾದ ‘ಆಲ್ವಿನ್ ಅಂಡ್ ದಿ ಚಿಪ್‌ಮಂಕ್ಸ್’ ಪಾತ್ರಗಳು 2015ರಲ್ಲಿ ಕಂಪ್ಯೂಟರ್ ಅನಿಮೇಷನ್ ರೂಪದಲ್ಲಿ ಮರಳಿದಾಗ, ಅನಿಮೇಷನ್ ಕೆಲಸ ನಡೆದುದು ಟೆಕ್ನಿಕಲರ್ ಸಂಸ್ಥೆಯ ಬೆಂಗಳೂರು ಸ್ಟುಡಿಯೊದಲ್ಲಿ. ಆದರೆ ಪಾತ್ರದ ಹಕ್ಕು ಅಮೆರಿಕದಲ್ಲೇ ಉಳಿಯಿತು. ಇಲ್ಲಿಗೆ ದೊರೆತುದು ಕೆಲಸದ ಸಂಭಾವನೆ. 2025ರ ಫೆಬ್ರವರಿಯಲ್ಲಿ ವಿದೇಶದ ಮೂಲ ಸಂಸ್ಥೆ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿದಾಗ ಭಾರತದ ಸ್ಟುಡಿಯೊಗಳ ಕೆಲಸವೂ ನಿಂತು, ಸಾವಿರಾರು ನುರಿತ ನೌಕರರು ಉದ್ಯೋಗ ಕಳೆದುಕೊಂಡರು. ವರ್ಷಗಟ್ಟಲೆ ತಾವೇ ಚಲನೆ ನೀಡಿದ ಪಾತ್ರಗಳ ಮೇಲೆ ಅವರಿಗೆ ಯಾವ ಹಕ್ಕೂ ಇರಲಿಲ್ಲ.

ಬೊಮ್ಮನಹಳ್ಳಿ, ಬೇಗೂರು ಭಾಗದ ಉಡುಪು ತಯಾರಕರಿಗೆ ಈ ಸ್ಥಿತಿ ಅಪರಿಚಿತವಲ್ಲ. ವಿದೇಶಿ ಹೆಸರಿನ ಉಡುಪನ್ನು ಕತ್ತರಿಸಿ, ಹೊಲಿದು, ಇಸ್ತ್ರಿ ಮಾಡಿ ಕಳುಹಿಸುವ ಜಾಬ್ ವರ್ಕ್ ಘಟಕಕ್ಕೆ ಉಳಿಯುವುದು ಕೂಲಿ. ಹೆಸರಿನ ಬೆಲೆ ಹೆಸರಿನ ಒಡೆಯನದು. ಕಾರ್ಟೂನ್ ಪಾತ್ರಗಳ ವ್ಯಾಪಾರವೂ ಇದೇ ನಿಯಮದಂತೆ ನಡೆಯುತ್ತದೆ. ಆದ್ದರಿಂದ ಪಾತ್ರದ ಚಿತ್ರವನ್ನು ಬಳಸಲು ಹೊರಟ ತಯಾರಕನು ಮೊದಲು ಕೇಳಬೇಕಾದ ಪ್ರಶ್ನೆ: ಇದರ ಹಕ್ಕು ಯಾರದು?

ಹಳೆಯದು ಎಂದ ಮಾತ್ರಕ್ಕೆ ಎಲ್ಲರದಲ್ಲ

‘ಇದು ನಮ್ಮ ಬಾಲ್ಯದ ಪಾತ್ರ, ಈಗ ಯಾರು ಕೇಳುತ್ತಾರೆ’ ಎಂಬ ಮಾತು ವ್ಯಾಪಾರಿಗಳಲ್ಲಿ ಸಾಮಾನ್ಯ. ಕಾನೂನಿನ ನಿಲುವು ಬೇರೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಮತ್ತು ಚಿತ್ರಕೃತಿಗಳ ಹಕ್ಕು ಕರ್ತೃವಿನ ಜೀವಿತಾವಧಿಗೂ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳಿಗೂ ಇರುತ್ತದೆ. ಚಲನಚಿತ್ರಕ್ಕೆ ಪ್ರಕಟಣೆಯ ಮುಂದಿನ ವರ್ಷದಿಂದ 60 ವರ್ಷ. ಪ್ರಾಣ್ ಅವರು ತೀರಿಕೊಂಡುದು 2014ರಲ್ಲಿ. ಅವರ ಚಿತ್ರಗಳ ಹಕ್ಕು 2074ರ ಕೊನೆಯವರೆಗೆ ಜೀವಂತ. ಹಾಗೆಯೇ ಕನ್ನಡದ ಮಕ್ಕಳು ಪ್ರೀತಿಯಿಂದ ಓದಿದ ‘ಬಾಲಮಂಗಳ’ ಪತ್ರಿಕೆ ನಿಂತುಹೋಗಿದೆ ಎಂಬ ಕಾರಣಕ್ಕೆ ಅದರ ಡಿಂಗನ ಚಿತ್ರ ಸಾರ್ವಜನಿಕ ಸ್ವತ್ತಾಗುವುದಿಲ್ಲ. ಪತ್ರಿಕೆಯ ಪ್ರಕಟಣೆ ನಿಲ್ಲಬಹುದು. ಹಕ್ಕು ಅದರೊಂದಿಗೆ ನಿಲ್ಲದು.

ಅವಧಿ ಮುಗಿದ ಕೃತಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ‘ಜಂಗಲ್ ಬುಕ್’ ಕರ್ತೃ ರಡ್ಯಾರ್ಡ್ ಕಿಪ್ಲಿಂಗ್ 1936ರಲ್ಲಿ ತೀರಿಕೊಂಡರು. ಆ ಕಥೆಯನ್ನು ಯಾರು ಬೇಕಾದರೂ ಬಳಸಬಹುದು. ಆದ್ದರಿಂದಲೇ ಡಿಸ್ನಿ ಒಂದು ಮೋಗ್ಲಿಯನ್ನು, 1993ರಲ್ಲಿ ದೂರದರ್ಶನ ಪ್ರಸಾರ ಮಾಡಿದ ಜಪಾನಿ ಧಾರಾವಾಹಿ ಮತ್ತೊಂದನ್ನು, 2010ರಲ್ಲಿ ಹೈದರಾಬಾದಿನ ಡಿಕ್ಯೂ ಎಂಟರ್‌ಟೇನ್‌ಮೆಂಟ್ ಇನ್ನೊಂದನ್ನು ರೂಪಿಸಲು ಸಾಧ್ಯವಾಯಿತು. ಕಥೆ ಎಲ್ಲರದು, ಆದರೆ ಆ ಮೂರು ಚಿತ್ರರೂಪಗಳು ಬೇರೆ ಬೇರೆ ಕೃತಿಗಳು, ಒಂದೊಂದಕ್ಕೂ ಅದರದೇ ಹಕ್ಕು. ಅಮೆರಿಕದಲ್ಲಿ 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದುದು ಕೂಡ 1928ರ ಮೊದಲ ಚಿತ್ರದ ಮಿಕ್ಕಿ ಮೌಸ್ ರೂಪ ಮಾತ್ರ, ನಂತರದ ರೂಪಗಳಲ್ಲ.

ಕೃತಿಸ್ವಾಮ್ಯದ ಜೊತೆಗೆ ವ್ಯಾಪಾರ ಚಿಹ್ನೆ, ಅಂದರೆ ಟ್ರೇಡ್‌ಮಾರ್ಕ್, ಎಂಬ ಎರಡನೆಯ ಬೇಲಿಯೂ ಇದೆ. ಪಾತ್ರದ ಹೆಸರು ಮತ್ತು ಚಿತ್ರವನ್ನು ಉಡುಪು, ಚೀಲ, ಆಟಿಕೆ, ಲೇಖನ ಸಾಮಗ್ರಿ ಮುಂತಾದ ವರ್ಗಗಳಲ್ಲಿ ನೋಂದಾಯಿಸಬಹುದು. ನೋಂದಣಿ 10 ವರ್ಷಕ್ಕೊಮ್ಮೆ ನವೀಕರಿಸುವಂಥದು. ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯ ದಿನಾಂಕವೇ ಇಲ್ಲ.

ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದವರಿಗೆ, ಅದಕ್ಕೆ ಕುಮ್ಮಕ್ಕು ನೀಡಿದವರಿಗೆ 63ನೇ ಕಲಮಿನಂತೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು. ಇದು ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ, ಜಾಮೀನು ರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಗ್ರಾಹಕರು ತಂದುಕೊಟ್ಟ ವಿನ್ಯಾಸವನ್ನು ಮುದ್ರಿಸುವ ಜಾಬ್ ವರ್ಕ್ ಘಟಕಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಆರ್ಡರಿನ ಜೊತೆ ಪರವಾನಗಿ ಪತ್ರದ ಪ್ರತಿಯನ್ನು ಕೇಳಿ ಪಡೆದು ಕಡತದಲ್ಲಿಟ್ಟುಕೊಳ್ಳುವುದು ಕನಿಷ್ಠ ರಕ್ಷಣೆ.

‘ನಾಡಿ’ ಪ್ರಕರಣದ ಪಾಠ

ಮರಳಿ ಬಂದ ಪಾತ್ರವೊಂದು ಭಾರತದ ಮಕ್ಕಳ ಉಡುಪು ತಯಾರಕರೊಂದಿಗೆ ನ್ಯಾಯಾಲಯದಲ್ಲಿ ಎದುರಾದ ಉದಾಹರಣೆ ಇದೆ. ಎನಿಡ್ ಬ್ಲೈಟನ್ ಅವರು 1949ರಲ್ಲಿ ಸೃಷ್ಟಿಸಿದ ‘ನಾಡಿ’ ಎಂಬ ಗೊಂಬೆ ಪಾತ್ರ 1992ರಲ್ಲಿ ಬಿಬಿಸಿಯ ಧಾರಾವಾಹಿಯಾಗಿಯೂ, 2002ರಲ್ಲಿ ಕಂಪ್ಯೂಟರ್ ಅನಿಮೇಷನ್ ಆಗಿಯೂ ಪುನರ್ಜೀವ ಪಡೆಯಿತು. ಹಕ್ಕುದಾರರಾದ ಬ್ರಿಟನ್ನಿನ ಕೋರಿಯನ್ ರೈಟ್ಸ್ ಸಂಸ್ಥೆ, ಆ ಹೆಸರನ್ನು ಮಕ್ಕಳ ಉಡುಪಿಗೆ ಬಳಸುತ್ತಿದ್ದ ಇಶಾನ್ ಅಪ್ಯಾರಲ್ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಉಡುಪು ತಯಾರಕರು 1995ರಿಂದಲೇ ಹೆಸರನ್ನು ಬಳಸುತ್ತಿದ್ದರು. ಆ ವೇಳೆಗೆ ಭಾರತದಲ್ಲಿ ತನ್ನ ಚಿಹ್ನೆಗೆ ಖ್ಯಾತಿ ಇದ್ದಿತೆಂಬುದನ್ನು ವಿದೇಶಿ ಸಂಸ್ಥೆ ಸಾಕ್ಷ್ಯಸಹಿತ ತೋರಿಸಲಾಗಲಿಲ್ಲ. ದಾವೆ ವಜಾ ಆಯಿತು.

ಈ ತೀರ್ಪನ್ನು ಸಾರ್ವತ್ರಿಕ ಅನುಮತಿಯೆಂದು ಭಾವಿಸುವುದು ಅಪಾಯಕಾರಿ. ಅಲ್ಲಿ ನಿರ್ಣಾಯಕವಾದುದು ಯಾರು ಯಾವ ವರ್ಷ ಭಾರತದಲ್ಲಿ ಮೊದಲು ಬಳಸಿದರು ಎಂಬ ಸಾಕ್ಷ್ಯ. ಅಂತರ್ಜಾಲದ ಮೂಲಕ ಧಾರಾವಾಹಿಗಳು ಬಿಡುಗಡೆಯಾದ ದಿನವೇ ಇಲ್ಲಿಗೂ ತಲಪುವ ಈ ಕಾಲದಲ್ಲಿ ವಿದೇಶಿ ಹಕ್ಕುದಾರನಿಗೆ ಖ್ಯಾತಿಯನ್ನು ತೋರಿಸುವುದು ಅಷ್ಟು ಕಷ್ಟವಲ್ಲ. ತಯಾರಕರು ಕಲಿಯಬೇಕಾದ ಪಾಠ ಬೇರೆ: ಹೆಸರು ಬಳಸಿದ ಮೊದಲ ಬಿಲ್ಲು, ಜಾಹೀರಾತು, ನೋಂದಣಿ ಅರ್ಜಿ ಇವುಗಳನ್ನು ತೆರಿಗೆ ಕಾನೂನು ಹೇಳಿದ ಅವಧಿ ಮುಗಿಯಿತೆಂದು ಎಸೆಯದೆ ಕಾಪಾಡಬೇಕು. ಹತ್ತು ಹದಿನೈದು ವರ್ಷಗಳ ನಂತರ ವ್ಯಾಪಾರವನ್ನು ಉಳಿಸುವುದು ಆ ಹಳೆಯ ಬಿಲ್ಲೇ ಆಗಿರಬಹುದು.

ಪರವಾನಗಿ ಪತ್ರದಲ್ಲಿ ನೋಡಬೇಕಾದ ಅಂಶಗಳು

ಕಾನೂನುಬದ್ಧ ಮಾರ್ಗವೆಂದರೆ ಹಕ್ಕುದಾರರಿಂದ ಅಥವಾ ಅವರ ಅಧಿಕೃತ ಪ್ರತಿನಿಧಿಯಿಂದ ಲಿಖಿತ ಪರವಾನಗಿ ಪಡೆಯುವುದು. ಪತ್ರಕ್ಕೆ ಸಹಿ ಹಾಕುವ ಮೊದಲು ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು.

ಮೊದಲನೆಯದು, ಯಾವ ರೂಪದ ಚಿತ್ರ ಎಂಬುದು. ಮರಳಿ ಬಂದ ಪಾತ್ರಕ್ಕೆ ಹಳೆಯ ಚಿತ್ರ, ಹೊಸ ಚಿತ್ರ ಎಂಬ ಎರಡು ರೂಪಗಳಿರುತ್ತವೆ. ಮಕ್ಕಳು ಕೇಳುವುದು ಹೊಸದನ್ನು. ದೊಡ್ಡವರ ಟೀ ಷರ್ಟಿಗೆ ಬೇಡಿಕೆ ಇರುವುದು ಹಳೆಯದಕ್ಕೆ. ಒಂದಕ್ಕೆ ಪಡೆದ ಪರವಾನಗಿ ಇನ್ನೊಂದಕ್ಕೆ ಅನ್ವಯವಾಗುವುದಿಲ್ಲ.

ಎರಡನೆಯದು, ಸರಕು, ಪ್ರದೇಶ ಮತ್ತು ಅವಧಿ. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ ಕೃತಿಸ್ವಾಮ್ಯ ಕಾಯಿದೆ ಭಾವಿಸುತ್ತದೆ. ಚೀಲಕ್ಕೆ ಪಡೆದ ಪರವಾನಗಿಯಲ್ಲಿ ನೀರಿನ ಬಾಟಲಿ ಮಾಡುವಂತಿಲ್ಲ.

ಮೂರನೆಯದು, ಮಾದರಿಯ ಅನುಮೋದನೆ. ಹಕ್ಕುದಾರರು ಒಪ್ಪುವವರೆಗೆ ತಯಾರಿಕೆ ಆರಂಭಿಸುವಂತಿಲ್ಲ. ಜೂನ್ ತಿಂಗಳ ಶಾಲಾ ಮಾರುಕಟ್ಟೆಗೆ ಮಾಲು ಏಪ್ರಿಲ್ ವೇಳೆಗೆ ಸಿದ್ಧವಿರಬೇಕು. ಅನುಮೋದನೆ ತಡವಾದರೆ ಒಂದು ವರ್ಷದ ಪರವಾನಗಿಯಲ್ಲಿ ಮುಖ್ಯ ಹಂಗಾಮೇ ಕೈತಪ್ಪುತ್ತದೆ. ಆದ್ದರಿಂದ ಇಷ್ಟು ದಿನದೊಳಗೆ ಅನುಮೋದನೆ ನೀಡಬೇಕೆಂಬ ಷರತ್ತನ್ನು ತಯಾರಕರೇ ಕೇಳಿ ಸೇರಿಸಬೇಕು.

ನಾಲ್ಕನೆಯದು, ಅವಧಿ ಮುಗಿದಾಗ ಉಳಿದ ದಾಸ್ತಾನು. ಅದನ್ನು ಮಾರಿ ಮುಗಿಸಲು ಎಷ್ಟು ದಿನ, ಆನಂತರ ನಾಶಪಡಿಸಬೇಕೇ ಎಂಬುದು ಸ್ಪಷ್ಟವಾಗಿರಬೇಕು.

ಐದನೆಯದೇ ಎಲ್ಲಕ್ಕಿಂತ ಮುಖ್ಯ: ಕನಿಷ್ಠ ಖಾತರಿ ಮೊತ್ತ, ವ್ಯಾಪಾರಿಗಳ ಮಾತಿನಲ್ಲಿ ಮಿನಿಮಮ್ ಗ್ಯಾರಂಟಿ.

ಕನಿಷ್ಠ ಖಾತರಿಯ ಲೆಕ್ಕ

ರಾಯಧನ ಮಾರಾಟದ ಶೇಕಡಾವಾರು ಲೆಕ್ಕದಲ್ಲಿರುತ್ತದೆ. ಆದರೆ ಮಾರಾಟ ಎಷ್ಟೇ ಕಡಿಮೆಯಾದರೂ ಇಷ್ಟು ಮೊತ್ತ ಕೊಡಲೇಬೇಕೆಂಬುದು ಖಾತರಿಯ ಷರತ್ತು. ಅನೇಕರು ಶೇಕಡಾ ಎಷ್ಟೆಂದು ಚೌಕಾಶಿ ಮಾಡಿ ಖಾತರಿ ಮೊತ್ತವನ್ನು ಗಮನಿಸದೆ ಒಪ್ಪಿಬಿಡುತ್ತಾರೆ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದರ ಪರಿಣಾಮವನ್ನು ತಿಳಿಯಬಹುದು.

ಬೇಗೂರಿನ ಒಂದು ಘಟಕ ಮಕ್ಕಳ ಟೀ ಷರ್ಟನ್ನು ತಲಾ ರೂ. 200ಕ್ಕೆ ಸಗಟು ಮಾರುತ್ತದೆ ಎಂದಿಟ್ಟುಕೊಳ್ಳೋಣ. ಬಟ್ಟೆ ಮತ್ತಿತರ ಸಾಮಗ್ರಿಗೆ ರೂ. 120, ಕೂಲಿ ಮತ್ತು ಇತರ ವೆಚ್ಚಕ್ಕೆ ರೂ. 35. ರಾಯಧನಕ್ಕೆ ಮೊದಲು ಉಳಿಯುವುದು ರೂ. 45. ರಾಯಧನ ಶೇ 10, ವರ್ಷದ ಖಾತರಿ ಮೊತ್ತ ರೂ. 8 ಲಕ್ಷ.

50,000 ಷರ್ಟು ಮಾರಾಟವಾದರೆ ವಹಿವಾಟು ರೂ. 1 ಕೋಟಿ, ರಾಯಧನ ರೂ. 10 ಲಕ್ಷ; ಉಳಿಯುವುದು ರೂ. 12.50 ಲಕ್ಷ.

20,000 ಮಾರಾಟವಾದರೆ ವಹಿವಾಟು ರೂ. 40 ಲಕ್ಷ. ಶೇ 10ರ ಲೆಕ್ಕದಲ್ಲಿ ರಾಯಧನ ರೂ. 4 ಲಕ್ಷವಾದರೂ ಕೊಡಬೇಕಾದುದು ರೂ. 8 ಲಕ್ಷ. ಅಂದರೆ ನಿಜವಾದ ದರ ಶೇ 20. ರೂ. 9 ಲಕ್ಷದ ಉಳಿಕೆಯಲ್ಲಿ ಕೈಗೆ ಬರುವುದು ರೂ. 1 ಲಕ್ಷ.

10,000 ಮಾತ್ರ ಮಾರಾಟವಾದರೆ ಉಳಿಕೆ ರೂ. 4.50 ಲಕ್ಷ, ಖಾತರಿ ರೂ. 8 ಲಕ್ಷ, ನಷ್ಟ ರೂ. 3.50 ಲಕ್ಷ. ಮಾರಾಟವಾಗದ ದಾಸ್ತಾನಿನ ನಷ್ಟ ಇದರ ಮೇಲೆ.

ಖಾತರಿ ಮೊತ್ತವನ್ನು ಒಂದು ಷರ್ಟಿನ ರಾಯಧನದಿಂದ, ಇಲ್ಲಿ ರೂ. 20ರಿಂದ, ಭಾಗಿಸಿದರೆ 40,000 ಬರುತ್ತದೆ. ಆ ಸಂಖ್ಯೆಗಿಂತ ಕಡಿಮೆ ಮಾರಿದ ಪ್ರತಿ ಷರ್ಟಿಗೂ ತಯಾರಕನು ಮಾರದ ಮಾಲಿನ ರಾಯಧನ ತೆರುತ್ತಾನೆ. ತನ್ನ ಹಿಂದಿನ ಮೂರು ವರ್ಷಗಳ ಮಾರಾಟದ ಪುಸ್ತಕವನ್ನು ನೋಡಿ ಈ ಸಂಖ್ಯೆ ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಮರಳಿ ಬಂದ ಎಲ್ಲ ಪಾತ್ರಗಳೂ ಗೆಲ್ಲುವುದಿಲ್ಲ. ತಂದೆ ತಾಯಿಯ ನೆನಪು ಮಗುವಿನ ಇಷ್ಟವಾಗಬೇಕೆಂಬ ನಿಯಮವಿಲ್ಲ. ಧಾರಾವಾಹಿ ಸೋತರೂ ಖಾತರಿ ಮೊತ್ತ ಕಡಿಮೆಯಾಗುವುದಿಲ್ಲ. ಆ ಅಪಾಯವನ್ನು ಹೊರುವವನು ತಯಾರಕ.

ತೆರಿಗೆಯ ಅಂಶಗಳು

ಬೌದ್ಧಿಕ ಸ್ವತ್ತಿನ ಪರವಾನಗಿಗೆ 2021ರ ಅಕ್ಟೋಬರ್ 1ರಿಂದ ಶೇ 18 ಜಿಎಸ್‌ಟಿ ಇದೆ. ಹಕ್ಕುದಾರರು ವಿದೇಶದಲ್ಲಿದ್ದರೆ ರಿವರ್ಸ್ ಚಾರ್ಜ್ ಪದ್ಧತಿಯಂತೆ ತಯಾರಕರೇ ಅದನ್ನು ನಗದಾಗಿ ಪಾವತಿಸಬೇಕು. ಸಾಮಾನ್ಯ ನೋಂದಣಿದಾರರಿಗೆ ಅದು ಹೂಡುವಳಿ ತೆರಿಗೆ ಜಮೆಯಾಗಿ ದೊರೆಯುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ದೊರೆಯದು. ಅವರಿಗೆ ಪೂರ್ತಿ ಶೇ 18 ವೆಚ್ಚವೇ.

ಉಡುಪು ತಯಾರಕರಿಗೆ ಇನ್ನೊಂದು ತೊಡಕಿದೆ. 2025ರ ಸೆಪ್ಟೆಂಬರ್ 22ರಿಂದ ತಲಾ ರೂ. 2,500ರವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5. ಮೇಲಿನ ಉದಾಹರಣೆಯಲ್ಲಿ 20,000 ಷರ್ಟಿನ ಮಾರಾಟದ ಮೇಲೆ ತೆರಿಗೆ ರೂ. 2 ಲಕ್ಷ. ಸಾಮಗ್ರಿಗೆ ಶೇ 5ರಂತೆ ಕೊಟ್ಟ ರೂ. 1.20 ಲಕ್ಷ ಜಮೆ ಕಳೆದರೆ ಕಟ್ಟಬೇಕಾದುದು ರೂ. 80,000. ರಾಯಧನದ ಮೇಲಿನ ತೆರಿಗೆ ರೂ. 1.44 ಲಕ್ಷ, ಹೀಗಾಗಿ ರೂ. 64,000 ಜಮೆ ಖಾತೆಯಲ್ಲೇ ಸಿಲುಕುತ್ತದೆ. ಸರಕಿನ ತೆರಿಗೆ ಕಡಿಮೆ, ಹೂಡುವಳಿಯ ತೆರಿಗೆ ಹೆಚ್ಚು ಎಂಬ ಕಾರಣದ ಮರುಪಾವತಿ, ಸೇವೆಗಳ ಮೇಲೆ ಕೊಟ್ಟ ತೆರಿಗೆಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ 2021ರಲ್ಲಿ ಹೇಳಿದೆ. ರಾಯಧನ ಸೇವೆಯ ಬೆಲೆ. ಆದ್ದರಿಂದ ಆ ಜಮೆಯನ್ನು ಮುಂದಿನ ಮಾರಾಟದ ತೆರಿಗೆಗೆ ಮಾತ್ರ ಬಳಸಿಕೊಳ್ಳಬಹುದು.

ಆದಾಯ ತೆರಿಗೆಯ ವಿಷಯದಲ್ಲಿ, ಭಾರತದ ನಿವಾಸಿಗೆ ಕೊಡುವ ರಾಯಧನ ವರ್ಷಕ್ಕೆ ರೂ. 50,000 ಮೀರಿದರೆ ಶೇ 10 ಮೂಲದಲ್ಲೇ ಕಡಿತ ಮಾಡಬೇಕು. ಅನಿವಾಸಿಗೆ ಕೊಡುವ ರಾಯಧನದ ದರವನ್ನು 2023ರ ಹಣಕಾಸು ಕಾಯಿದೆ ಶೇ 10ರಿಂದ ಶೇ 20ಕ್ಕೆ ಏರಿಸಿತು. ಸರ್ಚಾರ್ಜ್ ಮತ್ತು ಸೆಸ್ ಪ್ರತ್ಯೇಕ. ಜಪಾನಿನೊಂದಿಗಿನ ಒಪ್ಪಂದದಂತೆ ಶೇ 10, ಅಮೆರಿಕದೊಂದಿಗಿನ ಒಪ್ಪಂದದಂತೆ ಶೇ 15ರ ರಿಯಾಯಿತಿ ದರ ದೊರೆಯಬೇಕಾದರೆ ಹಕ್ಕುದಾರರಿಂದ ಅವರ ದೇಶದ ತೆರಿಗೆ ವಾಸ್ತವ್ಯ ಪ್ರಮಾಣಪತ್ರ ಪಡೆದಿರಬೇಕು. ಪರವಾನಗಿ ಪತ್ರದಲ್ಲಿ ‘ತೆರಿಗೆ ಕಳೆದು ನಿವ್ವಳ ಮೊತ್ತ’ ಎಂಬ ಪದಗಳಿದ್ದರೆ ಈ ತೆರಿಗೆಯೂ ತಯಾರಕನ ಹೆಗಲಿಗೇ ಬೀಳುತ್ತದೆ. ಸಹಿಗೆ ಮೊದಲೇ ಇದನ್ನು ಗಮನಿಸಬೇಕು.

ಪಾತ್ರದ ಚಿತ್ರವಿರುವ ಮಾಲನ್ನು ಆಮದು ಮಾಡಿಕೊಳ್ಳುವ ವ್ಯಾಪಾರಿಗಳು, ಮಾರಾಟದ ಷರತ್ತಾಗಿ ಪ್ರತ್ಯೇಕವಾಗಿ ಕೊಡುವ ರಾಯಧನವನ್ನು 2007ರ ಸುಂಕ ಮೌಲ್ಯ ನಿರ್ಧಾರ ನಿಯಮಗಳಂತೆ ಮಾಲಿನ ಬೆಲೆಗೆ ಸೇರಿಸಬೇಕು. ಹಕ್ಕುದಾರರು ಸುಂಕ ಇಲಾಖೆಯಲ್ಲಿ ತಮ್ಮ ಹಕ್ಕನ್ನು ನೋಂದಾಯಿಸಿದ್ದರೆ ಅನುಮತಿ ಇಲ್ಲದ ಮಾಲು ಬಂದರಿನಲ್ಲೇ ತಡೆಹಿಡಿಯಲ್ಪಡಬಹುದು.

ಸ್ವಂತ ಪಾತ್ರದ ಮಾರ್ಗ

ಎಲ್ಲರೂ ಪರವಾನಗಿಯ ಹಿಂದೆ ಹೋಗಬೇಕಾದ ಅಗತ್ಯವಿಲ್ಲ. ಕನ್ನಡ ಶಾಲೆಗಳಲ್ಲಿ ಕಲಿತ ಪ್ರತಿಯೊಬ್ಬರಿಗೂ ಗೊತ್ತಿರುವ ಪುಣ್ಯಕೋಟಿಯನ್ನು ಬೆಂಗಳೂರಿನ ನಿರ್ದೇಶಕ ರವಿಶಂಕರ್ ಅವರು ಜನರಿಂದ ಸಂಗ್ರಹಿಸಿದ ಹಣದಿಂದ ಸಂಸ್ಕೃತ ಭಾಷೆಯ ಅನಿಮೇಷನ್ ಚಿತ್ರವಾಗಿ ತಂದರು. ಅದು 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಪ್ರದರ್ಶನಗೊಂಡಿತು. ಜನಪದದ ಆ ಕಥೆ ಎಲ್ಲರ ಸ್ವತ್ತು. ಆ ಚಲನಚಿತ್ರದ ಹಸುವಿನ ಚಿತ್ರವನ್ನು ನಕಲು ಮಾಡುವಂತಿಲ್ಲ. ಆದರೆ ತನ್ನದೇ ಆದ ಪುಣ್ಯಕೋಟಿಯನ್ನು, ತನ್ನದೇ ಆದ ಹುಲಿಯನ್ನು ಬರೆಸಿ ಚೀಲದ ಮೇಲೆ ಮುದ್ರಿಸಲು ಯಾವ ತಯಾರಕನಿಗೂ ಅಡ್ಡಿಯಿಲ್ಲ. ಆ ಹೊಸ ಚಿತ್ರದ ಹಕ್ಕು ಅವನದೇ ಆಗಬಹುದು.

ಇಲ್ಲಿಯೂ ಕಾಗದಪತ್ರ ಸರಿಯಿರಬೇಕು. ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದ ಚಿತ್ರದ ಹಕ್ಕು ಸಾಮಾನ್ಯವಾಗಿ ಮಾಲೀಕನದು. ಹೊರಗಿನ ಕಲಾವಿದರಿಂದ ಬರೆಸಿದರೆ, ಹಣ ಕೊಟ್ಟ ಮಾತ್ರಕ್ಕೆ ಹಕ್ಕು ಬಂದಿತೆಂದು ಭಾವಿಸದೆ ಲಿಖಿತ ಹಸ್ತಾಂತರ ಪತ್ರ ಮಾಡಿಸಬೇಕು. ಅವಧಿ ಬರೆಯದಿದ್ದರೆ ಆ ಹಸ್ತಾಂತರವೂ 5 ವರ್ಷಕ್ಕೆ ಸೀಮಿತವಾಗುತ್ತದೆ. ಆದ್ದರಿಂದ ಕೃತಿಸ್ವಾಮ್ಯದ ಪೂರ್ಣ ಅವಧಿಗೆ ಎಂದು ನಮೂದಿಸಬೇಕು. ಚಿತ್ರ ಮತ್ತು ಹೆಸರನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಲು 2017ರ ನಿಯಮಗಳು ಸಣ್ಣ ಉದ್ದಿಮೆಗಳಿಗೆ ಪ್ರತಿ ವರ್ಗಕ್ಕೆ ರೂ. 4,500ರ ರಿಯಾಯಿತಿ ಶುಲ್ಕ ನಿಗದಿ ಮಾಡಿವೆ, ಇತರರಿಗೆ ರೂ. 9,000. ಮೇಲಿನ ಉದಾಹರಣೆಯ ರೂ. 8 ಲಕ್ಷದ ಎದುರು ಇದು ಅತ್ಯಲ್ಪ ವೆಚ್ಚ. ಅನಿಮೇಷನ್ ಉದ್ಯಮಕ್ಕೆಂದೇ 2012ರಲ್ಲಿ ಪ್ರತ್ಯೇಕ ನೀತಿ ತಂದ ರಾಜ್ಯ ಕರ್ನಾಟಕ. ಚಿತ್ರ ಬರೆಯಬಲ್ಲ ನುರಿತ ಕಲಾವಿದರು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತಲೇ ಇದ್ದಾರೆ. ಬೇಗೂರಿನ ತಯಾರಕರು ಅವರನ್ನು ದೂರ ಹುಡುಕಬೇಕಾಗಿಲ್ಲ.

ಸ್ವಂತ ಪಾತ್ರಕ್ಕೆ ಮೊದಲ ವರ್ಷ ಪ್ರಸಿದ್ಧ ಪಾತ್ರದಷ್ಟು ಬೇಡಿಕೆ ಇರದು ಎಂಬುದು ನಿಜ. ಆದುದರಿಂದ ಎರಡನ್ನೂ ತೂಗಿ ನೋಡುವುದು ವಿವೇಕ. ಪರವಾನಗಿಯ ಮಾಲನ್ನು ಖಾತರಿ ಮೊತ್ತ ತುಂಬುವಷ್ಟು ಮಾರಾಟದ ಭರವಸೆ ಇರುವ ಹಂಗಾಮಿಗೆ ಮೀಸಲಿಟ್ಟು, ವರ್ಷದ ಉಳಿದ ಭಾಗದಲ್ಲಿ ಸ್ವಂತ ಚಿತ್ರದ ಮಾಲನ್ನು ಸ್ವಲ್ಪ ಸ್ವಲ್ಪವಾಗಿ ಬೆಳೆಸಬಹುದು. ಯಾವ ದಾರಿ ಹಿಡಿದರೂ, ಮುಂದಿನ ಶಾಲಾ ಹಂಗಾಮಿನ ಆರ್ಡರ್ ಒಪ್ಪಿಕೊಳ್ಳುವ ಮೊದಲು ಪ್ರತಿಯೊಬ್ಬ ತಯಾರಕರೂ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆದಿರಬೇಕು. ಚಿತ್ರದ ಹಕ್ಕು ಯಾರದು? ಕಡ್ಡಾಯವಾಗಿ ಕೊಡಬೇಕಾದ ಮೊತ್ತ ಎಷ್ಟು? ಉಳಿದ ಮಾಲನ್ನು ಏನು ಮಾಡುವುದು? ಈ ಮೂರಕ್ಕೆ ಉತ್ತರ ಕಡತದಲ್ಲಿಲ್ಲದ ಆರ್ಡರನ್ನು, ಅದರ ಮೊತ್ತ ಎಷ್ಟೇ ಆಕರ್ಷಕವಾಗಿದ್ದರೂ, ಒಪ್ಪದಿರುವುದೇ ಲೇಸು.